ಕೆಳಗಿನ ಮನೆಯವರು

ಅವನನ್ನು ಮೊದಲ ಸಲ ಹತ್ತಿರದಿಂದ ನೋಡಿದಾಗ ನನ್ನ ಬಲಗಾಲಿನ ಹೆಬ್ಬೆರಳು ಮೊಬೈಲ್ ಕ್ಯಾಮೆರಾದ ಮುಂದಿತ್ತು. ಪರದೆಯಲ್ಲಿ ಡಾಕ್ಟರಮ್ಮ, ಬಾಗಿಲಲ್ಲಿ ಅವನು. ಅವರು "ಕಾಲು ಇನ್ನೂ ಸ್ವಲ್ಪ ಮೇಲೆತ್ತಿ" ಎನ್ನುತ್ತಿದ್ದರು. ಇವನು "ನಿಮಗೆ ಮನುಷ್ಯತ್ವ ಅನ್ನೋದು ಇದ್ಯಾ?" ಎನ್ನುತ್ತಿದ್ದ.

ಬಾಗಿಲು ತೆರೆದಿಟ್ಟದ್ದು ಅವನಿಗೋಸ್ಕರ ಅಲ್ಲ. ನನ್ನ ಮನೆಯಲ್ಲಿ ಸಿಗ್ನಲ್ ಸಿಗುವುದು ಹೊಸ್ತಿಲ ಪಕ್ಕದಲ್ಲಿ ಮಾತ್ರ. ಅಲ್ಲೇ ಸ್ಟೂಲ್ ಹಾಕಿಕೊಂಡು ಡಾಕ್ಟರಿಗೆ ಕೈಕಾಲು ತೋರಿಸುತ್ತಿದ್ದೆ.

ಅವನು ಕೆಳಗಿನ ಮನೆಯವನು, ರಾತ್ರಿ ಬಸ್ಸಿನ ಡ್ರೈವರ್. ಊರೆಲ್ಲ ಏಳುವ ಹೊತ್ತಿಗೆ ಬಂದು ಮಲಗುತ್ತಾನೆ. ನನ್ನ ಮೇಲೆ ಓನರಿಗೆ ಅವನು ಕೊಟ್ಟ ದೂರುಗಳಿಗೆ ಲೆಕ್ಕವಿಲ್ಲ. ಅದಕ್ಕೇ ನಾನು ಅವನಿಗಿಟ್ಟ ಹೆಸರು ದೂರಪ್ಪ. ಸರಿಯಾಗಿ ಮುಖ ನೋಡುವ ಮೊದಲೇ ನಮ್ಮದು ಎಣ್ಣೆ ಸೀಗೆಕಾಯಿ ಸಂಬಂಧವಾಗಿತ್ತು.

"ದಿನಾ ಬೆಳಗ್ಗೆ ಅದೇನು ಬೀಳಿಸ್ತೀರಿ? ನನ್ನ ತಲೆ ಮೇಲೇ ಬಿದ್ದ ಹಾಗಾಗುತ್ತೆ."

"ನನ್ನ ಮನೆ, ನನ್ನ ಪಾತ್ರೆ. ಬೀಳಿಸ್ತೀನಿ, ಎತ್ತಿಡ್ತೀನಿ, ಮತ್ತೆ ಬೀಳಿಸ್ತೀನಿ. ನಿಮ್ಮ ಗಂಟೇನು ಹೋಯ್ತು?"

"ನಿದ್ದೆ ಹೋಯ್ತು!"

ಬೀಳಿಸುವುದು ನನಗೇನು ಖುಷಿಯೇ? ಚರ್ಮದಲ್ಲಿದ್ದ ಸೋರಿಯಾಸಿಸ್ ಕೀಲುಗಳಿಗೆ ಇಳಿದಿತ್ತು. ಸೋರಿಯಾಟಿಕ್ ಆರ್ಥ್ರೈಟಿಸ್ ಅಂತೆ. ಬೆರಳುಗಳು ಊದಿಕೊಂಡು, ಉಗುರುಗಳಲ್ಲಿ ಸೂಜಿ ಚುಚ್ಚಿದಂಥ ಗುಳಿಗಳಾಗಿ, ಬೆಳಗ್ಗೆ ಎದ್ದರೆ ಒಂದು ಲೋಟ ಹಿಡಿಯುವುದೂ ಸಾಹಸ. ನನ್ನ ಕಸುಬೋ, ಹಲ್ಲು ಕಟ್ಟುವುದು. ಕ್ಲಿನಿಕ್ಕುಗಳಿಂದ ದವಡೆಯ ಅಚ್ಚು ಬರುತ್ತದೆ. ನಾನು ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸಿ, ಕೆತ್ತಿ, ಸೆಟ್ಟು ಮಾಡಿ ಕಳಿಸುತ್ತೇನೆ. ಎಷ್ಟೋ ಜನ ನಗುವುದು ನನ್ನ ಕೈಯಿಂದ. ಹೋದ ತಿಂಗಳು ಮೊದಲ ಸಲ ಒಂದು ಸೆಟ್ಟು "ಕಚ್ಚು ಕೂರ್ತಿಲ್ಲ, ಮೇಲಿನ ಕೆಳಗಿನ ಹಲ್ಲು ಸೇರ್ತಿಲ್ಲ" ಎಂದು ವಾಪಸ್ ಬಂದಿತ್ತು. ಅದನ್ನು ಅಕ್ಕನಿಗೂ ಹೇಳಿರಲಿಲ್ಲ. ಹೇಳಿದರೆ ಕೆಲಸ ಬಿಡು ಎನ್ನುತ್ತಾಳೆ. ಡಾಕ್ಟರೂ ಅದನ್ನೇ ಹೇಳಿಯಾರು ಎಂಬ ಭಯ. ಅದಕ್ಕೆ ಯಾರು ಏನು ಕೇಳಿದರೂ ನನ್ನದು ಒಂದೇ ಉತ್ತರ, "ಪರವಾಗಿಲ್ಲ."

ಈ ರೋಗ ನೋಡುವ ಡಾಕ್ಟರು ಇರುವುದು ಒಂದು ಹಗಲಿನ ಪ್ರಯಾಣದಷ್ಟು ದೂರದಲ್ಲಿ. ವಿಡಿಯೋದಲ್ಲೇ ತೋರಿಸಿಕೋ ಎಂದು ಇದನ್ನೆಲ್ಲ ಏರ್ಪಾಡು ಮಾಡಿದವಳು ಅಕ್ಕ. ಪರದೆಯ ಆಚೆ ಇದ್ದರೆ ಸುಳ್ಳು ಹೇಳುವುದು ಸುಲಭ ಎಂದು ನಾನೂ ಒಪ್ಪಿದ್ದೆ.

"ಕ್ಯಾಮೆರಾದಲ್ಲಿ ಊತ ಕಾಣುತ್ತೆ, ನೋವು ಕಾಣಲ್ಲ," ಎಂದರು ಡಾಕ್ಟರಮ್ಮ. "ಯಾರಾದ್ರೂ ಒಂದೊಂದೇ ಕೀಲು ಒತ್ತಿ ನೋಡಬೇಕು. ಅಲ್ಲಿ ಮಾತಾಡ್ತಿರೋದು ಯಾರು? ಮನೆಯವರಾ?"

ದೂರಪ್ಪ ಬಗ್ಗಿ ಫೋನಿಗೇ ಬಾಯಿಟ್ಟು ಗುಡುಗಿದ. "ಕೆಳಗಿನ ಮನೆಯವನು!"

ಅಷ್ಟರಲ್ಲಿ ನೆಟ್‌ವರ್ಕ್ ಕೈಕೊಟ್ಟಿತು. ಡಾಕ್ಟರಮ್ಮ ಅರ್ಧ ಬಾಯಿ ತೆರೆದು ಪರದೆಯ ಮೇಲೆ ನಿಂತುಬಿಟ್ಟರು. ಮತ್ತೆ ಅಲುಗಾಡಿದಾಗ ಅವರ ದನಿ ಮೆತ್ತಗಾಗಿತ್ತು. "ಒಳ್ಳೇದಾಯ್ತು. ಕೈ ತೊಳ್ಕೊಂಡು ಬಂದು ಕೂತ್ಕೊಳ್ಳಿ. ಇವರು ತಾವೇ ಒತ್ಕೊಂಡು ತಾವೇ ನೋವಿಲ್ಲ ಅಂತಿದಾರೆ."

ಅದೇನು ದನಿಯೋ, ಹೆಡ್‌ಮಿಸ್ ಕರೆದಂತೆ ಅವನು ಸುಮ್ಮನೆ ಹೋಗಿ ಕೈ ತೊಳೆದು ಬಂದ. ನನ್ನ ಕುರ್ತಾದ ತೋಳು ಮೇಲೇರಿ ಮೊಣಕೈಯ ಕೆಂಪು ಹುರುಪೆ ಕಂಡಿತು.

"ಇದು ಅಂಟುತ್ತಾ?"

"ಅಂಟಲ್ಲ," ಎಂದರು ಡಾಕ್ಟರಮ್ಮ.

"ನನ್ನ ಕೋಪ ಅಂಟುತ್ತೆ, ಹುಷಾರು," ಎಂದೆ ನಾನು.

ಅವನು ಒತ್ತಿದ. ಸ್ಟಿಯರಿಂಗ್ ಹಿಡಿದು ಒರಟಾದ ಬೆರಳುಗಳು. ಆದರೆ ಒತ್ತಿದ್ದು ಮಾತ್ರ ಮಲಗಿದ ಮಗುವಿನ ಕೆನ್ನೆ ಮುಟ್ಟಿದ ಹಾಗೆ. ಅದು ನನಗೆ ಇನ್ನಷ್ಟು ಸಿಟ್ಟು ತಂದಿತು.

"ನೋವಿದ್ಯಾ?"

"ಇಲ್ಲ."

"ಮುಖ ಕಿವುಚಿದ್ರಿ."

"ಅದು ನಿಮ್ಮ ಮುಖ ನೋಡಿ."

ಡಾಕ್ಟರಮ್ಮ ಕೆಮ್ಮಿದರು. "ಬೆಳಗ್ಗೆ ಎದ್ದಾಗ ಕೈ ಬಿಗಿಯಾಗಿರೋದು ಎಷ್ಟು ಹೊತ್ತು?"

"ಹತ್ತು ನಿಮಿಷ. ಪರವಾಗಿಲ್ಲ."

"ಸುಳ್ಳು," ಎಂದ ಅವನು. "ಮೇಡಂ, ನಾನು ಬಂದು ಮಲಗೋ ಹೊತ್ತಿಗೆ ಶುರುವಾಗುತ್ತೆ. ಮೊದಲು ಲೋಟ, ಆಮೇಲೆ ಮುಚ್ಚಳ, ಆಮೇಲೆ ಏನೋ ಭಾರದ್ದು. ಎರಡು ಗಂಟೆ ಬೀಳ್ತಾನೇ ಇರುತ್ತೆ. ಬಿಸಿಲು ಬಂದ ಮೇಲೆ ಒಂದು ಚಮಚಾನೂ ಬೀಳಲ್ಲ. ದಿನಾ ಹೀಗೇ."

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. "ಇಷ್ಟು ಚೆನ್ನಾಗಿ ಯಾವ ಪೇಷೆಂಟೂ ಹೇಳಿರಲಿಲ್ಲ," ಎಂದರು. ಆಮೇಲೆ ನನ್ನ ಕಡೆ ತಿರುಗಿ ಬೈದದ್ದನ್ನು ಬರೆಯುವುದಿಲ್ಲ. ಸುಳ್ಳು ಹೇಳಿಕೊಂಡು ಕೂತರೆ ಕೀಲು ಸವೆದು ಬೆರಳು ಸೊಟ್ಟಗಾಗುತ್ತದೆ, ಆಮೇಲೆ ಯಾವ ಔಷಧಿಯೂ ಅದನ್ನು ನೆಟ್ಟಗೆ ಮಾಡುವುದಿಲ್ಲ ಎಂಬುದು ಅದರ ಸಾರ. ಕೆಲಸ ಬಿಡಿ ಎಂದು ಮಾತ್ರ ಅನ್ನಲಿಲ್ಲ. ವಾರಕ್ಕೊಂದೇ ದಿನ ತಗೊಳ್ಳುವ ಮಾತ್ರೆ ಬರೆದು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು ಎಂದರು. "ಪ್ರತಿ ಸಲಾನೂ ಅವರೇ ಒತ್ತಿ ನೋಡಲಿ," ಎಂದೂ ಸೇರಿಸಿದರು.

ಗಾಯದ ಮೇಲೆ ಬರೆ.

ಅಕ್ಕ ಫೋನಿನಲ್ಲಿ ಬಿದ್ದು ಬಿದ್ದು ನಕ್ಕಳು. "ಊರವರ ಹಲ್ಲು ಕಟ್ಟೋಳೇ, ನಿನ್ನ ಬಾಯಿ ಕಟ್ಟೋನು ಒಬ್ಬ ಸಿಕ್ಕಿದ್ನಲ್ಲ."

"ಅಕ್ಕ, ಫೋನ್ ಇಡ್ತೀಯಾ?"

"ಆಳು ಹೇಗಿದಾನೆ?"

ನಾನೇ ಫೋನ್ ಇಟ್ಟೆ.

ಅಪಾಯಿಂಟ್‌ಮೆಂಟ್ ದಿನ ಅವನನ್ನು ಕರೆಯಲು ನಾನು ಕೆಳಗೆ ಇಳಿಯುತ್ತಿರಲಿಲ್ಲ. ನೆಲದ ಮೇಲೆ ಸುತ್ತಿಗೆಯಿಂದ ಎರಡು ಬಾರಿಸುತ್ತಿದ್ದೆ. ಅವನು ಗೊಣಗುತ್ತ ಮೇಲೆ ಬರುತ್ತಿದ್ದ. "ಬಂದೆ ಸುತ್ತಿಗೆ ಮೇಡಂ, ಕಟ್ಟಡ ಬೀಳಿಸಬೇಡಿ." ಬಂದವನು ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಕೀಲು ಒತ್ತುತ್ತಿದ್ದ. ನಾನು "ಇಲ್ಲ" ಎಂದಾಗಲೆಲ್ಲ ತಲೆಯೆತ್ತಿ ನನ್ನ ಕಣ್ಣನ್ನೇ ನೋಡುತ್ತಿದ್ದ. ರಾತ್ರಿಯಿಡೀ ರಸ್ತೆ ನೋಡಿ ಕೆಂಪಾದ ಕಣ್ಣು, ರೆಪ್ಪೆ ಮಿಟುಕಿಸುವುದೇ ಇಲ್ಲ. ಸುಳ್ಳು ಹೇಳಿದವಳು ನಾನಾದ್ದರಿಂದ ಮೊದಲು ನೋಟ ತಪ್ಪಿಸುತ್ತಿದ್ದವಳೂ ನಾನೇ. "ಸ್ವಲ್ಪ ಇದೆ," ಎನ್ನಬೇಕಾಗುತ್ತಿತ್ತು.

ಬೈಯುವಾಗ ಅವನ ಮೇಲಿನ ಕೋರೆಹಲ್ಲು ಕಾಣುತ್ತದೆ. ಒಂದಿಷ್ಟು ಓರೆ. ಕಟ್ಟಿದ ಹಲ್ಲಾಗಿದ್ದರೆ ಮೇಣ ಕರಗಿಸಿ ಹೊಸದಾಗಿ ಕೂರಿಸುತ್ತಿದ್ದೆ. ಹುಟ್ಟಿದ ಹಲ್ಲಾದ್ದರಿಂದ ನೋಡುತ್ತ ಕೂತೆ. ಅವನು ಬೈಯುವುದನ್ನು ಬೇಗ ಮುಗಿಸದಿರಲಿ ಎಂದು ನಡುವೆ ಒಂದೆರಡು ಮಾತು ನಾನೇ ಕೆಣಕಿದ್ದೂ ಉಂಟು.

ಸಲಕರಣೆಗಳ ಹಿಡಿ ದಪ್ಪ ಮಾಡಿಕೊಳ್ಳಿ, ಕೀಲಿನ ಮೇಲೆ ಭಾರ ಕಡಿಮೆಯಾಗುತ್ತೆ ಎಂದು ಒಂದು ದಿನ ಡಾಕ್ಟರಮ್ಮ ಹೇಳಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮರುದಿನ ನೋಡಿದರೆ ಮೇಣ ಕೆತ್ತುವ ನನ್ನ ಚಾಕು ಕಾಣೆ. ಸಂಜೆ ಅವನು ತಂದುಕೊಟ್ಟ. ಹಿಡಿಗೆ ರಬ್ಬರ್ ಪಟ್ಟಿ ಬಿಗಿಯಾಗಿ ಸುತ್ತಿದ್ದ.

"ಯಾರನ್ನ ಕೇಳಿ ಮುಟ್ಟಿದ್ರಿ? ಇದು ನನ್ನ ಅನ್ನದ ಚಾಕು."

"ಕೇಳಿದ್ರೆ ಕೊಡ್ತಿದ್ರಾ?"

"ಇಲ್ಲ."

"ಅದಕ್ಕೇ ಕೇಳಲಿಲ್ಲ."

ಬಾಗಿಲು ಅವನ ಮೂಗಿಗೇ ಹಾಕಿದೆ. ಒಳಗೆ ಬಂದು ಚಾಕು ಹಿಡಿದೆ. ಎಷ್ಟೋ ವಾರಗಳ ನಂತರ ಮೇಣ ನಾನು ಹೇಳಿದ ಹಾಗೆ ಕೇಳಿತು. ಆ ಸೆಟ್ಟು ವಾಪಸ್ ಬರಲಿಲ್ಲ. ಥ್ಯಾಂಕ್ಸ್ ಹೇಳಲು ಬಾಯಿ ಬರಲಿಲ್ಲ, ಹೇಳದೆ ಇರಲು ಮನಸ್ಸೂ ಒಪ್ಪಲಿಲ್ಲ. ಬಿಸಿತುಪ್ಪ ಬಾಯಿಗಿಟ್ಟುಕೊಂಡವಳ ಹಾಗೆ ಓಡಾಡಿದೆ.

ಮಾತ್ರೆ ನಿಧಾನಕ್ಕೆ ಕೈಹತ್ತಿತು. ಮುಂದಿನ ಸಲ ಕೀಲು ಒತ್ತಿದಾಗ "ಇಲ್ಲ" ಎಂದದ್ದರಲ್ಲಿ ಅರ್ಧದಷ್ಟು ನಿಜವಿತ್ತು. ಡಾಕ್ಟರಮ್ಮ ತುಂಬ ಖುಷಿಯಾಗಿ, ನಮ್ಮಿಬ್ಬರನ್ನೂ ಒಟ್ಟಿಗೆ ನೋಡಿ ಕೇಳಿದರು. "ಇನ್ನೊಂದು ಮಾತು. ಈ ಮಾತ್ರೆ ತಗೊಳ್ಳೋವಾಗ ಗರ್ಭ ನಿಲ್ಲಬಾರದು ಅಂತ ಶುರುನಲ್ಲೇ ಹೇಳಿದೀನಿ. ನಿಮಗೆ ಮಗು ಬೇಕು ಅನ್ನಿಸಿದ್ರೆ ತಿಂಗಳುಗಟ್ಟಲೆ ಮೊದಲೇ ನಿಲ್ಲಿಸಬೇಕು. ಇಬ್ಬರೂ ಮಾತಾಡ್ಕೊಂಡಿದೀರಾ?"

ಅವನ ಕೈ ನನ್ನ ಉಂಗುರದ ಬೆರಳಿನ ಮೇಲೆ ನಿಂತುಹೋಯಿತು. ಸತ್ಯವಾಗಿ ಹೇಳುತ್ತೇನೆ, ಆ ಸಲ ನೆಟ್‌ವರ್ಕ್ ತುಂಬ ಚೆನ್ನಾಗಿತ್ತು.

"ಇಬ್ಬರೂ ಅಂದ್ರೆ?" ಎಂದೆ.

"ನೀವು, ನಿಮ್ಮ ಮನೆಯವರು."

"ಇವರು ನಮ್ಮ ಮನೆಯವರಲ್ಲ! ಕೆಳಗಿನ ಮನೆಯವರು! ಮೊದಲ ದಿನಾನೇ ಹೇಳಿದ್ರಲ್ಲ?"

"ನನಗೆ 'ಮನೆಯವನು' ಅಂತ ಮಾತ್ರ ಕೇಳಿಸ್ತು," ಎಂದರು ಡಾಕ್ಟರಮ್ಮ. ಅವರ ಮುಖ ಬಿಗಿಯಿತು. "ಹಾಗಾದ್ರೆ ಇದು ದೊಡ್ಡ ತಪ್ಪು. ನಾನೂ ಕೇಳಬೇಕಿತ್ತು. ನೀವು ಒಪ್ಪದೆ ಹೊರಗಿನವರ ಮುಂದೆ ನಿಮ್ಮ ಆರೋಗ್ಯದ ವಿಷಯ ಮಾತಾಡೋ ಹಾಗಿಲ್ಲ. ಇವರು ಇರಬೇಕೋ ಬೇಡವೋ, ನಿಮ್ಮ ಬಾಯಲ್ಲೇ ಹೇಳಿ."

ಅವನು ನನ್ನನ್ನೇ ನೋಡುತ್ತಿದ್ದ. ಕಿವಿಯ ತುದಿ ಕೆಂಪಾಗಿತ್ತು. ನಗು ತಡೆದುಕೊಂಡಿದ್ದನೋ ಇನ್ನೇನೋ, ತುಟಿಯ ಒಂದು ಮೂಲೆ ಮೇಲೆ ಹೋಗಿತ್ತು. ಆ ನೋಟದಲ್ಲಿ ಒಂದು ಆಸೆ ಇತ್ತು. ನಾನು ಅದನ್ನು ಕಂಡೆ. ಕಂಡು ಹೆದರಿದೆ. ಹೆದರಿದಾಗ ನನಗೆ ಬರುವುದು ಒಂದೇ ವಿದ್ಯೆ.

"ಇವರು ನನಗೆ ಯಾರೂ ಅಲ್ಲ," ಎಂದೆ. "ಹೋಗ್ತಾರೆ."

ಹೋದ. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದ. ಧಡಾರನೆ ಹಾಕಿದ್ದರೆ ನಾನೂ ಏನಾದರೂ ಕೂಗಿ ಹಗುರಾಗುತ್ತಿದ್ದೆ.

"ಸರಿ," ಎಂದರು ಡಾಕ್ಟರಮ್ಮ. "ಇನ್ನು ಎಡಗೈ. ನೀವೇ ಒತ್ತಿ. ನೋವಿದ್ಯಾ?"

ಒತ್ತಿದೆ. ಮಧ್ಯದ ಬೆರಳಿನಲ್ಲಿ ಜೀವ ಹೋಗುವಷ್ಟು ನೋವಿತ್ತು.

"ಇಲ್ಲ. ಪರವಾಗಿಲ್ಲ."

ಅವರು ಪೆನ್ನು ಕೆಳಗಿಟ್ಟರು. "ನೋಡಿ ಅಮ್ಮ, ನಾನು ಇಲ್ಲಿಂದ ಏನು ಬೇಕಾದ್ರೂ ಬರೆದುಕೊಡಬಲ್ಲೆ. ನೀವು ನಿಜ ಹೇಳೋ ಹಾಗೆ ಮಾಡೋ ಮಾತ್ರೆ ನನ್ನ ಹತ್ರ ಇಲ್ಲ."

ನನಗೆ ಅಳು ಬಂದದ್ದು ಅವರ ಮಾತಿಗಲ್ಲ. ಎದುರಿಗಿದ್ದ ಖಾಲಿ ಸ್ಟೂಲ್ ನೋಡಿ. ಯಾರ ಮುಂದೆಯೂ ಬಾಯಿ ಬಿಡದ ನಾನು, ಅವನೊಬ್ಬನ ಮುಂದೆ ಮಾತ್ರ ನೋಯುತ್ತದೆ ಎಂದು ಒಪ್ಪಿಕೊಳ್ಳುತ್ತಿದ್ದೆ. ಅವನು ಬೇಕು ನನಗೆ. ಜಗಳಕ್ಕೂ ಬೇಕು, ಜಗಳ ಮುಗಿದ ಮೇಲೂ ಬೇಕು.

"ಒಂದು ನಿಮಿಷ ಲೈನಲ್ಲಿರಿ," ಎಂದೆ.

ಮೆಟ್ಟಿಲು ಇಳಿಯುವುದೆಂದರೆ ನನ್ನ ಹಿಮ್ಮಡಿಗೆ ಕೆಂಡ ತುಳಿದಂತೆ. ಕಂಬಿ ಹಿಡಿದು ಇಳಿದೆ. ಬಾಗಿಲು ಬಡಿದೆ.

"ಯಾರೂ ಅಲ್ಲದವನ ಬಾಗಿಲು ಯಾಕೆ ಬಡೀತೀರಿ?" ಒಳಗಿನಿಂದಲೇ ಕೇಳಿದ.

"ತೆಗೀರಿ. ಇಲ್ಲ ಅಂದ್ರೆ ಮುರೀತೀನಿ."

"ಯಾವ ಕೈಯಲ್ಲಿ?"

ತೆಗೆದ. ಮುಖ ಗಂಟಿಕ್ಕಿತ್ತು. ದಾರಿಯಲ್ಲಿ ಏನೇನೋ ಜೋಡಿಸಿಕೊಂಡು ಬಂದಿದ್ದೆ, ಒಂದೂ ನೆನಪಾಗಲಿಲ್ಲ.

"ನೋಯ್ತಿದೆ," ಎಂದೆ.

"ಎಲ್ಲಿ?" ಸಿಟ್ಟು ಇನ್ನೂ ಇಳಿದಿರಲಿಲ್ಲ, ಆದರೂ ಕೇಳಿಬಿಟ್ಟ.

"ಹಿಮ್ಮಡಿ. ಎಡಗೈ ಮಧ್ಯದ ಬೆರಳು. ಸೊಂಟ. ಅದೆಲ್ಲ ಹೇಗೋ ತಡ್ಕೋತೀನಿ. ನೀವು ಎದ್ದು ಬಂದ್ರಲ್ಲ, ಅದು ತಡ್ಕೊಳ್ಳೋಕಾಗ್ತಿಲ್ಲ."

ಅವನು ಬಾಗಿಲ ಚೌಕಟ್ಟಿಗೆ ತಲೆ ಆನಿಸಿಕೊಂಡ. "ಇದನ್ನ ಮೇಲೇ ಹೇಳೋಕೇನಾಗಿತ್ತು? ಅಲ್ಲಿಂದ ಇಲ್ಲಿಗೆ ಬರೋವರೆಗೆ ನನ್ನ ಪ್ರಾಣ ಹೋಯ್ತು."

"ನನಗೆ ಒಳ್ಳೆ ಮಾತು ಬರಲ್ಲ."

"ಅದು ಇಡೀ ಬಿಲ್ಡಿಂಗಿಗೆ ಗೊತ್ತು." ಹಿಂದೆ ನೋಡಿ ಚಪ್ಪಲಿ ಮೆಟ್ಟಿದ. "ಡಾಕ್ಟ್ರು?"

"ಕಾಯ್ತಿದಾರೆ."

"ಅವರನ್ನ ಕಾಯಿಸಿ ಇಲ್ಲಿ ನಿಂತಿದೀರಾ? ನಡೀರಿ, ಜಗಳ ಆಮೇಲೆ."

ಹತ್ತುವಾಗ ನಾನು ಎರಡನೆಯ ಮೆಟ್ಟಿಲಿಗೇ ತಡವರಿಸಿದೆ. ಅವನು ಸೊಂಟಕ್ಕೆ ಕೈ ಕೊಟ್ಟು ಹಿಡಿದ. "ನಿಧಾನ. ಬೀಳ್ತೀಯ," ಎಂದ.

ಬೀಳ್ತೀರಿ ಅನ್ನಲಿಲ್ಲ. ಬೀಳ್ತೀಯ ಎಂದ. ಅವನಿಗೂ ಗೊತ್ತಾಯಿತು. ಉಳಿದ ಮೆಟ್ಟಿಲುಗಳನ್ನು ನಾನು ಬೇಕೆಂದೇ ನಿಧಾನವಾಗಿ ಹತ್ತಿದೆ.

ಡಾಕ್ಟರಮ್ಮ ಪರದೆಯಲ್ಲಿ ಹಾಗೇ ಕೂತಿದ್ದರು. "ಇವರು ಇರಲಿ," ಎಂದೆ, ಉಸಿರು ಎಳೆದುಕೊಳ್ಳುತ್ತ.

"ಇವತ್ತಿಗೆ ಮಾತ್ರಾನಾ?"

"ಅಲ್ಲ."

ಅವರು ಏನೋ ಬರೆದುಕೊಂಡರು. ಅವನು ಸ್ಟೂಲನ್ನು ಮೊದಲಿಗಿಂತ ಹತ್ತಿರ ಎಳೆದುಕೊಂಡು ಕೂತ. ನನ್ನ ಎಡಗೈಯನ್ನು ತನ್ನ ಅಂಗೈ ಮೇಲಿಟ್ಟುಕೊಂಡು ಮಧ್ಯದ ಬೆರಳಿನ ಕೀಲನ್ನು ಮುಟ್ಟಿದ, ಒತ್ತಲಿಲ್ಲ.

"ನೋವಿದ್ಯಾ?"

"ತುಂಬಾ," ಎಂದೆ. ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.