ಧರಂಪಾಲನ ಕಪ್ಪು ಪಟ್ಟಿ

"ಮುಟ್ಬೇಡ್ವೋ ಅದನ್ನ!" ಉಸ್ತಾದ್ ರಿಸಾಲ್ ಸಿಂಗ್ ಕಿರುಚಿದರು.

ಭಿವಾನಿಯ ಆ ಬಾಕ್ಸಿಂಗ್ ಕ್ಲಬ್ಬಿನ ಹಿಂದೆ ಒಂದು ಬನ್ನಿ ಮರ. ಆಟ ಬಿಟ್ಟವರು ಗ್ಲೌಸಿನೊಳಗೆ ಸುತ್ತಿಕೊಳ್ಳುವ ತಮ್ಮ ಕೈಪಟ್ಟಿಯನ್ನು ಅದಕ್ಕೆ ಕಟ್ಟಿ ಹೋಗುತ್ತಾರೆ. ಅದು ಅಲ್ಲೇ ಕೊಳೆಯಬೇಕು, ಯಾರೂ ಬಿಚ್ಚುವಂತಿಲ್ಲ. ಹೊಸದಾಗಿ ಸೇರಿದ್ದ ಸೋಂಬೀರ ಬಿಚ್ಚುತ್ತಿದ್ದದ್ದೋ, ರಿಂಗಿನಲ್ಲೇ ಸತ್ತ ಧರಂಪಾಲನ ಕಪ್ಪು ಪಟ್ಟಿ.

"ಅವನು ಸತ್ಮೇಲೆ ಅವನ ತಾಯಿ ಮಾಟ ಮಾಡ್ಸಿ ಕಟ್ಟಿದಾಳೆ ಕಣೋ. ಸುತ್ಕೊಂಡೋನಿಗೆ ನೋವೇ ಆಗಲ್ಲ. ಆ ಏಟೆಲ್ಲಾ ಸುತ್ಕೊಂಡೋನ ಹೆತ್ತೋಳಿಗೆ ಬೀಳುತ್ತೆ."

"ಪಾಂಡವರು ಈ ಮರದಲ್ಲಿ ಗದೆ ಏನಾದ್ರೂ ಮರ್ತು ಹೋಗಿದ್ರೆ ಅದನ್ನೂ ಕೊಡಿ ಉಸ್ತಾದ್ರೇ," ಎಂದು ಸೋಂಬೀರ ನಕ್ಕ.

ಅಲ್ಲಿಯವರೆಗೆ ಅವನು ಕೈಗೆ ಸುತ್ತುತ್ತಿದ್ದದ್ದು ತಾಯಿ ಧನಪತಿ ತಾನು ತಲೆಗೆ ಹೊದೆಯುವ ಹೂವಿನ ಓಢಣಿಯನ್ನು ಹರಿದು ಹೊಲಿದುಕೊಟ್ಟ ಪಟ್ಟಿ. ಎಮ್ಮೆ ಕಟ್ಟಿ, ಬೆರಣಿ ತಟ್ಟಿ ಮಗನನ್ನು ಸಾಕಿದ ವಿಧವೆ ಆಕೆ. "ಮದುಮಗಳು ಬಂದ್ಲು, ದಾರಿ ಬಿಡ್ರೋ!" ಎಂದು ಹುಡುಗರು ಗೇಲಿ ಮಾಡಿದ್ದನ್ನು ಅವನಿಗೆ ತಾಳಲಾಗಿರಲಿಲ್ಲ. ಹೂವಿನ ಪಟ್ಟಿಯನ್ನು ಕೊಂಬೆಗೆ ಕಟ್ಟಿ ಕಪ್ಪನ್ನು ಸುತ್ತಿಕೊಂಡ. ಅದರಿಂದ ಕಮಟು ತುಪ್ಪದ, ಒಣಗಿದ ರಕ್ತದ ವಾಸನೆ ಬರುತ್ತಿತ್ತು.

ಅಂದು ದವಡೆಗೆ ಬಿದ್ದ ಗುದ್ದು ಪಕ್ಕದ ಮನೆಯ ಗೋಡೆಗೆ ಬಿದ್ದಂತೆ ಕೇಳಿಸಿತು, ಅಷ್ಟೇ. ನೋವೇ ಇಲ್ಲದವನನ್ನು ಸೋಲಿಸುವವರು ಯಾರು? ಜಿಲ್ಲೆ ಗೆದ್ದ. ರಾಜ್ಯ ಗೆದ್ದ. ದೊಡ್ಡ ಪಂದ್ಯಗಳಲ್ಲಿ ಕೈ ತಪಾಸಣೆ ಮಾಡುತ್ತಾರೆಂದು ಪಟ್ಟಿಯನ್ನು ಸೊಂಟಕ್ಕೆ ಸುತ್ತಿ ಅಡಗಿಸಿಕೊಂಡ. ದೇಶವನ್ನೂ ಗೆದ್ದ. ಪೇಪರಿನ ತುಂಬ ಅವನದೇ ಫೋಟೊ. ಆದರೆ ಅಮ್ಮನ ಚೂರ್ಮಾದ ಸಿಹಿ ನಾಲಿಗೆಗೆ ಹತ್ತುತ್ತಿರಲಿಲ್ಲ. ಪದಕ ಕೊರಳಿಗೆ ಬಿದ್ದಾಗಲೂ ಏನೂ ಅನ್ನಿಸಲಿಲ್ಲ.

ಊರವರು ಡೋಲು ಬಡಿದು ಜೀಪಿನಲ್ಲಿ ಕರೆತಂದಾಗ ಧನಪತಿ ಮುಸುಕೆಳೆದು ಬಾಗಿಲಲ್ಲಿ ನಿಂತಿದ್ದಳು. ಹಿರಿಯ ಗಂಡಸರಿದ್ದಾರಲ್ಲ, ಅದಕ್ಕೇ ಎಂದುಕೊಂಡ. ಹಿರಿಯರು ಹೋದರು. ಮುಸುಕು ಸರಿಯಲಿಲ್ಲ. ಅಲ್ಲಾ, ಹೆತ್ತ ಮಗನ ಮುಂದೆ ಯಾವ ತಾಯಿ ಮುಸುಕು ಹಾಕುತ್ತಾಳೆ! ಪುಣ್ಯಾತ್ಮ ಒಂದು ಮಾತು ಕೇಳಲಿಲ್ಲ. ಮುಂದಿನ ಪಂದ್ಯಕ್ಕೆಂದು ವಿದೇಶಕ್ಕೆ ಹಾರಿದ.

ಫೈನಲ್‌ಗೆ ಮುಂಚೆ ಉಸ್ತಾದರ ಫೋನು ಬಂತು.

"ಹೇಳ್ಬೇಡಿ ಅಂತ ನಿಮ್ಮಮ್ಮ ಆಣೆ ಹಾಕ್ಸಿದ್ಲು. ಅವಳ ಮುಖ ನೋಡೋಕಾಗಲ್ಲ ಕಣೋ. ಬಿಚ್ಚಿ ಬಿಸಾಕು ಅದನ್ನ. ಕೈ ಮುಗೀತೀನಿ."

ಸೋಂಬೀರ ಸೊಂಟಕ್ಕೆ ಕೈ ಹಾಕಿದ. ಪಟ್ಟಿ ಇರಲಿಲ್ಲ. ಚರ್ಮದೊಳಗೆ ಕಪ್ಪು ಗೆರೆಯೊಂದಿತ್ತು. ಉಗುರಿನಿಂದ ಕೆರೆದ. ರಕ್ತ ಬಂತು, ನೋವು ಬರಲಿಲ್ಲ. ಹೊರಗೆ ಅವನ ಹೆಸರು ಕೂಗಿದರು. ಆಡುವುದಿಲ್ಲ ಎಂದು ವಾಪಸು ಬರಬಹುದಿತ್ತು. ಒಂದೂ ಏಟು ತಿನ್ನದೆ ಗೆದ್ದರಾಯಿತು ಎಂದುಕೊಂಡ.

ಗಂಟೆ ಬಾರಿಸಿತು. ಬಾಗಿದ. ಸರಿದ. ತಪ್ಪಿಸಿಕೊಂಡ. ಹುಬ್ಬಿಗೊಂದು ಬಿತ್ತು. ಏನೂ ಆಗಲಿಲ್ಲ. ಅಮ್ಮಾ! ಪಕ್ಕೆಗೊಂದು. ಏನೂ ಇಲ್ಲ. ಮುಖ ಮುಚ್ಚಿಕೊಂಡ. ಕಿವಿಯ ಹಿಂದೆ ಬಿತ್ತು. ದವಡೆಗೆ ಬಿತ್ತು. ಎಲ್ಲೋ ದೂರದಲ್ಲಿ ಹೆಂಗಸೊಬ್ಬಳು ನರಳಿದಂತಾಯಿತು. ಕಣ್ಣು ಮುಚ್ಚಿ ಬೀಸಿದ. ಎದುರಾಳಿ ಬಿದ್ದ. ರೆಫರಿ ಸೋಂಬೀರನ ಕೈ ಎತ್ತಿದ.

ಊರಿನಲ್ಲಿ ಈ ಸಲ ಡೋಲು ಬಡಿಯಲಿಲ್ಲ. ಧನಪತಿ ಮಂಚದಲ್ಲಿ ಮಲಗಿದ್ದಳು. ಸೋಂಬೀರ ತಾನೇ ಮುಸುಕು ಸರಿಸಿದ. ಎರಡು ಕಣ್ಣೂ ಊದಿ ಮುಚ್ಚಿಹೋಗಿದ್ದವು. ದವಡೆ ಸೊಟ್ಟಗಾಗಿತ್ತು. ಆಕೆ ತಡವರಿಸುತ್ತಾ ಮಗನ ಕೆನ್ನೆಯ ಮೇಲೆ ಕೈಯಿಟ್ಟಳು.

"ನೋವಾಯ್ತಾ ಕಂದಾ?"

"ಇಲ್ಲಮ್ಮ."

"ಸದ್ಯ," ಎಂದಳು.

ಅಳಬೇಕೆಂದು ಅವನಿಗೆ ಗೊತ್ತಿತ್ತು. ಅಳು ಬರಲಿಲ್ಲ. ಕೆನ್ನೆಯ ಮೇಲಿದ್ದ ಕೈ ಯಾವಾಗ ಜಾರಿ ಬಿದ್ದಿತೋ, ಅದೂ ಅವನಿಗೆ ತಿಳಿಯಲಿಲ್ಲ.