ತುದಿಯ ಗಂಟು

ಬೆಟ್ಟದ ಮೇಲಿನ ಸಾಹಸ ಶಿಬಿರದ ಯಜಮಾನರ ಒಬ್ಬಳೇ ಮಗಳು, ಬೆಳಗಿನ ತಿಂಡಿಗೆ ಮುಂಚೆ ಹಗ್ಗ ಹಿಡಿದು ಬಂಡೆ ಇಳಿಯಲು ಹೋದವಳು, ಕಣಿವೆಯ ತಳದಲ್ಲಿ ಹೆಣವಾಗಿ ಸಿಕ್ಕಳು.

ಅವಳನ್ನು ಹೊತ್ತು ತಂದವರು ಇಬ್ಬರು: ಜೀಪಿನ ಡ್ರೈವರ್, ಮತ್ತು ಬಂಡೆ ಹತ್ತುವುದನ್ನು ಕಲಿಸುವ ತರಬೇತುದಾರ. ಬಂಡೆಗೆ ಅಂಟಿಕೊಂಡೇ ಓಡಾಡುತ್ತಾನೆಂದು ಅವನಿಗೆ ‘ಹಲ್ಲಿ’ ಎಂದು ಹೆಸರು ಬಿದ್ದಿತ್ತು. ಊಟದ ಕೋಣೆಯ ಉದ್ದನೆಯ ಮೇಜಿನ ಮೇಲೆ ಅವಳನ್ನು ಮಲಗಿಸಿ ಅವನು ಹೊರಗೆ ಬಂದನೋ ಇಲ್ಲವೋ, ಯಜಮಾನರು ಅವನ ಕುತ್ತಿಗೆಪಟ್ಟಿ ಹಿಡಿದರು. ಇನ್ಸ್‌ಪೆಕ್ಟರ್ ಬರುವ ಹೊತ್ತಿಗೆ ಅವನನ್ನು ಜೀಪಿನ ಬಂಪರಿಗೆ ಕಟ್ಟಿಹಾಕಿ ಆಗಿತ್ತು. ತುಟಿ ಒಡೆದಿತ್ತು.

ಇನ್ಸ್‌ಪೆಕ್ಟರ್ ನಡುವಯಸ್ಸಿನ ಹೆಂಗಸು. ಮಾತು ಕಡಿಮೆ.

“ಬಿಚ್ಚಿ ಅವನನ್ನ.”

“ಬಿಚ್ಚೋದಾ? ನೇಣಿಗೆ ಹಾಕಿ ಮೇಡಂ!” ಯಜಮಾನರು ಕೂಗಿದರು. “ಫೋನಲ್ಲೇ ಹೇಳಲಿಲ್ವಾ ನಿಮಗೆ? ಹಗ್ಗದ ತುದಿಗೆ ಗಂಟು ಹಾಕದೆ ಬಿಟ್ಟಿದ್ದಾನೆ ಈ ಪಾಪಿ. ನನ್ನ ಮಗಳನ್ನ ಕೊಂದ!”

ಸುತ್ತ ಹೆಲ್ಮೆಟ್ ಹಾಕಿಕೊಂಡ ಪ್ರವಾಸಿಗರು ನಿಂತಿದ್ದರು. ಒಬ್ಬ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದ. ಇನ್ನೊಬ್ಬಾಕೆ ಡ್ರೈವರನ ಕಿವಿಯಲ್ಲಿ ಕೇಳಿದಳು— “ಮಧ್ಯಾಹ್ನದ ಜಿಪ್‌ಲೈನ್ ಇರುತ್ತೆ ತಾನೆ?”

ಹಲ್ಲಿಯನ್ನು ಈಗಿಂದೀಗಲೇ ಊರಿಗೆ ಎಳೆದುಕೊಂಡು ಹೋಗಬೇಕೆಂದು ಜನ ಗುಜುಗುಜು ಮಾಡುತ್ತಿದ್ದರು. ಹೋದರೆ ಅವನು ಕೊಲೆಗಾರನಾಗಿಯೇ ಹೋಗುತ್ತಿದ್ದ.

ಇನ್ಸ್‌ಪೆಕ್ಟರ್ ಮೊದಲು ಕಾನ್‌ಸ್ಟೇಬಲ್ ಜೊತೆ ಬಂಡೆಯನ್ನು ನೋಡಿ ಬಂದರು. ಎತ್ತರದ ಬಂಡೆ, ನಡುವೆ ಹೊಟ್ಟೆ ಉಬ್ಬಿದ ಹಾಗೆ ಮುಂದಕ್ಕೆ ಚಾಚಿತ್ತು. ಹಗ್ಗ ಆ ಉಬ್ಬನ್ನು ದಾಟಿ ನೇತಾಡುತ್ತಿತ್ತು, ನೆಲ ಮುಟ್ಟುತ್ತಿರಲಿಲ್ಲ. ಇಳಿಯುವವರು ತುದಿಯ ದಪ್ಪ ಗಂಟಿಗೆ ಬಂದು ನಿಂತು, ಪಕ್ಕದ ಕಲ್ಲುಜಗಲಿಗೆ ಕಾಲಿಡಬೇಕು. ಜಗಲಿಗೆ ಬೇರೆ ಕಾಲುದಾರಿ ಉಂಟು. ಅದರಾಚೆ ಬರಿಯ ಕಣಿವೆ. ಇನ್ಸ್‌ಪೆಕ್ಟರ್ ಆ ಜಗಲಿಯ ಮೇಲೆ ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದರು. ಆಮೇಲೆ ಹಗ್ಗದ ತುದಿಯನ್ನು ಕತ್ತರಿಸಿಕೊಂಡು ಊಟದ ಕೋಣೆಗೆ ಬಂದರು.

ತಾಯಿ ಮಗಳ ತಲೆಯ ಬಳಿ ಕೂತಿದ್ದರು. ಮೈಮೇಲೆ ಶಿಬಿರದ ನಿದ್ದೆಚೀಲ ಹೊದಿಸಿದ್ದರು. ಮಗಳ ಕೂದಲಿಗೆ ಸಿಕ್ಕಿದ್ದ ಮುಳ್ಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದರು. ತುಟಿ ಮಾತ್ರ ದೇವರ ನಾಮದಲ್ಲಿ ಅಲುಗುತ್ತಿತ್ತು.

ಇನ್ಸ್‌ಪೆಕ್ಟರ್ ಎಲ್ಲರನ್ನೂ ಅಲ್ಲಿಯೇ ಕೂರಿಸಿದರು.

“ದಿನಾ ಬೆಳಗ್ಗೆ ಮೊದಲು ಇಳಿಯೋದು ಯಾರಪ್ಪ?”

“ನಾನೇ ಮೇಡಂ,” ಎಂದ ಹಲ್ಲಿ. “ಹಗ್ಗ ನೋಡಿಕೊಳ್ಳೋನೇ ಮೊದಲು ಇಳಿದು ತೋರಿಸಬೇಕು. ಯಜಮಾನ್ರ ಕಟ್ಟಳೆ. ಬಂದೋರಿಗೆ ಕೈತಪ್ಪಿದರೂ ಬೀಳದಿರಲಿ ಅಂತ ಇನ್ನೊಂದು ಹಗ್ಗ ಕಟ್ತೀವಿ. ಮೊದಲು ಇಳಿಯೋನಿಗೆ ಅದಿಲ್ಲ.”

“ಮೆತ್ತಗೆ ಇಳಿಯೋದಿಲ್ವಾ?”

“ಉಬ್ಬು ದಾಟಿದ ಮೇಲೆ ಹಿಡಿತ ಬಿಟ್ಟುಬಿಡ್ತೀವಿ ಮೇಡಂ. ಸರ್ರಂತ ಜಾರಿ ಗಂಟಿಗೇ ಬಂದು ನಿಲ್ಲೋದು. ಇಲ್ಲಿಯವರೆಲ್ಲ ಹಾಗೇ. ಅವಳೂ ಹಾಗೇ.”

“ಇವತ್ತು ಅವಳು ಯಾಕೆ ಇಳಿದಳು?”

ಹಲ್ಲಿ ಬ್ಯಾಂಡೇಜು ಸುತ್ತಿದ ಹೆಬ್ಬೆರಳು ತೋರಿಸಿದ. “ನಿನ್ನೆ ಸಂಜೆ ಜೀಪಿನ ಬಾಗಿಲಿಗೆ ಸಿಕ್ಕಿ ಜಜ್ಜಿಹೋಯ್ತು. ‘ನಾಳೆ ನಾನಿಳೀತೀನಿ, ನೀನು ಮೇಲೆ ಕೂತು ರಾಜನ ಥರ ನೋಡು’ ಅಂದಳು.”

“ಯಾರ ಮುಂದೆ ಅಂದಳು?”

“ಅಮ್ಮ ಇದ್ರು. ಡ್ರೈವರಣ್ಣ ಇದ್ರು. ಯಜಮಾನ್ರು ಪೇಟೆಗೆ ಹೋಗಿದ್ರು. ಬೆಳಗ್ಗೆ ಬಂದ್ರಂತೆ.”

“ಅವಳು ಬಿದ್ದಾಗ ನಿನಗೆ ಏನನ್ನಿಸ್ತು?”

“ಮೇಲಿಂದ ಏನು ಕಾಣುತ್ತೆ ಮೇಡಂ? ಹಗ್ಗ ಸಡಿಲವಾಯ್ತು. ಸೊಂಟದ ಬಕಲ್ ಬಿಚ್ಚಿಹೋಯ್ತು ಅಂದುಕೊಂಡೆ. ಓಡಿದೆ.”

“ನೀನು?”

ಡ್ರೈವರ್ ಎದ್ದು ನಿಂತ. “ನಾನೂ ಮೇಲೇ ಇದ್ದೆ. ಹಗ್ಗ ತುಂಡಾಯ್ತು ಅಂದುಕೊಂಡೆ. ಇಬ್ಬರೂ ಸೀದಾ ಕಣಿವೆಗೇ ಇಳಿದ್ವಿ. ಆಮೇಲೆ ಸ್ಟ್ರೆಚರಿಗೆ ಅಂತ ನಾನು ಆಫೀಸಿಗೆ ಓಡಿಬಂದೆ. ‘ಅಕ್ಕ ಬಿದ್ದುಬಿಟ್ರು’ ಅಂದೆ. ಯಜಮಾನ್ರು ನಂಬಲಿಲ್ಲ. ‘ಯಾರು ಅಂತ ಸರಿಯಾಗಿ ಹೇಳೋ’ ಅಂತ ಕಪಾಳಕ್ಕೆ ಬಿಟ್ರು.”

“ಕೊನೆಗೆ ಯಾರ ಮೇಲೆ ಬಂದು ನಿಂತಿತು?” ಯಜಮಾನರು ಎದ್ದರು. “ಹಗ್ಗ ಇವನದ್ದು. ಗಂಟು ಇವನು ಹಾಕಬೇಕಿತ್ತು. ಹಾಕಲಿಲ್ಲ. ಇನ್ನೇನು ಬೇಕು?”

“ಹಾಕಿದ್ದ.” ಇನ್ಸ್‌ಪೆಕ್ಟರ್ ಹಗ್ಗದ ತುಂಡನ್ನು ಮೇಜಿನ ತುದಿಯಲ್ಲಿಟ್ಟರು. “ನೋಡಿ. ಮಳೆ, ಮಣ್ಣು ಕುಡಿದು ಹಗ್ಗವೆಲ್ಲ ಕಂದಾಗಿದೆ. ಇಲ್ಲಿ ಮಾತ್ರ ಅಲ್ಲಲ್ಲಿ ಬೆಳ್ಳಗೆ ಪಟ್ಟೆ. ಗಂಟಿನ ಒಳಗೆ ಅಡಗಿದ್ದ ಜಾಗಕ್ಕೆ ಕೊಳೆ ಹತ್ತೋದಿಲ್ಲ. ಬಹಳ ಕಾಲದಿಂದ ಇದ್ದ ಗಂಟನ್ನ ಇವತ್ತು ಯಾರೋ ಬಿಚ್ಚಿದ್ದಾರೆ.”

“ಹಾಗಾದ್ರೆ ಇವನೇ ಬಿಚ್ಚಿದ!”

“ಇರಲಿ. ಒಂದು ಮಾತು ಹೇಳಿ ಯಜಮಾನ್ರೇ. ಗಂಟು ಇಲ್ಲ ಅಂತ ನಿಮಗೆ ಯಾರು ಹೇಳಿದ್ರು?”

ಯಜಮಾನರು ಡ್ರೈವರನ ಕಡೆ ನೋಡುತ್ತ ಕುರ್ಚಿಯಲ್ಲಿ ಕುಳಿತರು.

“ಇವನು ಬಕಲ್ ಅಂದುಕೊಂಡ. ಡ್ರೈವರ್ ಹಗ್ಗ ತುಂಡಾಯ್ತು ಅಂದುಕೊಂಡ. ಹಗ್ಗದ ತುದಿ ಮೇಲಿಂದ ಕಾಣೋದಿಲ್ಲ, ಕಣಿವೆಯಿಂದಲೂ ಕಾಣೋದಿಲ್ಲ. ಆ ಜಗಲಿ ಮೇಲೆ ನಿಂತೋರಿಗೆ ಮಾತ್ರ ಕಾಣುತ್ತೆ. ಅವಳು ಬಿದ್ದ ಮೇಲೆ ನಾನು ಹೋಗೋವರೆಗೆ ಅಲ್ಲಿಗೆ ಯಾರೂ ಹೋಗಿರಲಿಲ್ಲ. ನೀವು ಮಾತ್ರ ಫೋನಿನಲ್ಲೇ ಗಂಟಿನ ಮಾತಾಡಿದ್ರಿ.”

“ನಾನು... ಊಹೆ ಮಾಡಿದೆ.”

“ಜಗಲಿಯ ಹಸಿ ಮಣ್ಣಿನಲ್ಲಿ ನುಣುಪು ಅಟ್ಟೆಯ ಹೆಜ್ಜೆ ಇದೆ. ಇಲ್ಲಿ ಕೆಲಸ ಮಾಡೋರು ಯಾರೂ ಅಂಥ ಬೂಟು ಹಾಕೋದಿಲ್ಲ, ಜಾರಿ ಸಾಯ್ತಾರೆ. ಪೇಟೆಯಿಂದ ಬಂದವರು ಮೆಟ್ಟೋ ಬೂಟು ಅದು. ಕಾನ್‌ಸ್ಟೇಬಲ್ ಅಳತೆ ತೆಗೆದಿದ್ದಾನೆ. ನಿಮ್ಮ ಕಾಲು ಮುಂದಿಡ್ತೀರಾ?”

ಯಜಮಾನರು ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು.

“ಅವಳನ್ನ ಯಾರೂ ಕೊಲ್ಲಬೇಕು ಅಂದುಕೊಂಡಿರಲಿಲ್ಲ,” ಎಂದರು ಇನ್ಸ್‌ಪೆಕ್ಟರ್. “ದಿನಾ ಮೊದಲು ಇಳಿಯೋನಿಗೆ ಅಂತ ಬಿಚ್ಚಿದ ಗಂಟು ಅದು. ಸರದಿ ಬದಲಾಗಿದ್ದು ಈ ಮನೆಯಲ್ಲಿ ಒಬ್ಬರಿಗೆ ಮಾತ್ರ ಗೊತ್ತಿರಲಿಲ್ಲ. ಯಾಕೆ ಬಿಚ್ಚಿದ್ರಿ ಅಂತ ನೀವು ಹೇಳ್ತೀರೋ, ನಾನು ಹೇಳಲೋ?”

ಹೇಳಿದವರು ತಾಯಿ. ಮುಳ್ಳು ಬಿಡಿಸುವುದನ್ನು ನಿಲ್ಲಿಸಿರಲಿಲ್ಲ.

“ಇವಳೂ ಆ ಹುಡುಗನೂ ಮದುವೆ ಆಗ್ತೀವಿ ಅಂದ್ರು. ನಾನು ಹೂಂ ಅಂದೆ. ಇವರು, ‘ಗೋಡೆ ಮೇಲಿನ ಹಲ್ಲಿಗೆ ಮಗಳನ್ನ ಕೊಡ್ತೀಯೇನೇ’ ಅಂದ್ರು. ಬಾಯಿಮಾತು ಅಂದುಕೊಂಡೆ.”

“ಅವಳು ಅಂತ ನನಗೆ ಗೊತ್ತಿರಲಿಲ್ಲ ಕಣೇ!” ಯಜಮಾನರು ಎದೆ ಬಡಿದುಕೊಂಡರು. “ದೇವರಾಣೆ! ಅವನು ಇಳೀತಾನೆ ಅಂತ—”

“ಅವನು ಇಳಿದಿದ್ರೆ?” ತಾಯಿ ಮೊದಲ ಬಾರಿಗೆ ಗಂಡನ ಮುಖ ನೋಡಿದರು. “ಇಷ್ಟೊತ್ತಿಗೆ ಹೊಟ್ಟೆ ತುಂಬ ತಿಂಡಿ ತಿಂದಿರ್ತಿದ್ರಿ. ಅವಳು ಅಳ್ತಾ ಕೂತಿದ್ರೆ ತಲೆ ಸವರಿ ಸಮಾಧಾನವನ್ನೂ ಮಾಡ್ತಿದ್ರಿ. ಆಗ ದೇವರ ಹೆಸರು ನಿಮ್ಮ ಬಾಯಿಗೆ ಬರ್ತಿರಲಿಲ್ಲ.”

ಹಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದ. ಬದುಕಿದ್ದು ತಾನು ಎಂಬುದೇ ಅವನಿಗೆ ಈಗ ಕಲ್ಲಿನ ಹೊರೆಯಾಗಿತ್ತು.

ಅಂಗಳದಲ್ಲಿ ಆಂಬುಲೆನ್ಸ್ ಬಂದು ನಿಂತಿತು. ಕಾನ್‌ಸ್ಟೇಬಲ್ ಯಜಮಾನರ ರಟ್ಟೆ ಹಿಡಿದ.

“ಒಂದು ಸಲ,” ಯಜಮಾನರು ಕೈ ಚಾಚಿದರು. “ಒಂದೇ ಸಲ ಮುಖ ನೋಡ್ತೀನಿ. ನಾನು ಅವಳ ಅಪ್ಪ ಕಣೇ.”

ತಾಯಿ ನಿದ್ದೆಚೀಲದ ಜಿಪ್ಪನ್ನು ಮಗಳ ಹಣೆಯ ಮೇಲಿನವರೆಗೂ ಎಳೆದು ಮುಚ್ಚಿದರು. ಆಮೇಲೆ ಗೋಡೆಯ ಕಡೆ ತಿರುಗಿದರು.

“ಬಾ ಮಗ. ತಲೆ ಕಡೆ ನೀನು ಹಿಡಿ. ಕಾಲ ಕಡೆ ನಾನು ಹಿಡೀತೀನಿ. ಬೇರೆ ಯಾರೂ ಮುಟ್ಟೋದು ಬೇಡ.”