ಸೇತುವೆ ಬಂತಮ್ಮ, ಜೊತೆಗೆ ಬಾ

ಗಂಟು ಬಿಚ್ಚಿದಾಗ ಒಳಗಿದ್ದದ್ದು ಅಮ್ಮನ ಅಸ್ಥಿಕುಂಭವಲ್ಲ. ಉಪ್ಪಿನಕಾಯಿ ಭರಣಿ.

ಕೆಂಪು ವಸ್ತ್ರ ನ್ಯಾನ್ ಅತ್ತೆಯ ಬೆರಳಲ್ಲೇ ಉಳಿಯಿತು. ಕಾಲುವೆ ದಂಡೆಯ ಆ ಟೀ ಅಂಗಡಿಯಲ್ಲಿ, ಸಾಲು ಜೋಲಿಗಳ ನಡುವಿನ ಮೇಜಿನ ಮೇಲೆ, ಕೆಮ್ಮಣ್ಣಿನ ಭರಣಿಯೊಂದು ಮುಚ್ಚಳ ಸಮೇತ ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು. ಸತ್ತವಳ ಮೂವರು ಮಕ್ಕಳೂ ಅದನ್ನೇ ನೋಡುತ್ತ ನಿಂತರು. ಅವರನ್ನು ಸೈಗಾನ್‌ನಿಂದ ಕರೆತಂದಿದ್ದ ಡ್ರೈವರ್ ಥುವನ್ ಮಾತ್ರ ಎರಡು ಹೆಜ್ಜೆ ಹಿಂದೆ ಸರಿದ. ಏಕೆಂದರೆ ಆ ಭರಣಿ ಅವನದೇ.

"ಇದು ನಿಂದಲ್ವೇನೋ?" ದೊಡ್ಡ ಮಗ ಫೊಂಗ್ ಮೊದಲು ಬಾಯಿ ಬಿಟ್ಟ. "ಬೆಳಿಗ್ಗೆ ಇಟ್ಟಿಗೆ ಗೂಡಿನ ಹತ್ರ ತಗೊಂಡ್ಯಲ್ಲ. ಕಣ್ಣಾರೆ ನೋಡಿದೀನಿ."

"ನಂದೇ ಅಣ್ಣ. ಹೆಂಡ್ತಿ ಕೇಳಿದ್ಳು, ಮೀನಿಗೆ ಉಪ್ಪು ಹಾಕಿಡೋಕೆ. ಡಿಕ್ಕೀಲಿ ಇಟ್ಟಿದ್ದೆ."

"ಡಿಕ್ಕೀಲಿ ಇದ್ದದ್ದು ಅಮ್ಮನ ವಸ್ತ್ರದೊಳಕ್ಕೆ ಹೇಗೆ ಬಂತು? ನಡ್ಕೊಂಡು ಬಂತಾ?"

ಫೊಂಗ್ ಥುವನ್‌ನ ಕೈಯಿಂದ ಕಾರಿನ ಕೀ ಕಿತ್ತುಕೊಂಡು ತನ್ನ ಜೇಬಿಗೆ ಹಾಕಿಕೊಂಡ.

"ನಮ್ಮಮ್ಮ ಸಿಗೋವರೆಗೆ ನೀನು ಇಲ್ಲಿಂದ ಅಲ್ಲಾಡೋ ಹಾಗಿಲ್ಲ. ಈಗಲೇ ಪೊಲೀಸ್‌ಗೆ ಫೋನ್ ಮಾಡ್ತೀನಿ."

ಫೊಂಗ್‌ನ ಸಂಕಟವೂ ಸುಳ್ಳಲ್ಲ. ಸೈಗಾನ್‌ನಲ್ಲಿ ಮರದ ವ್ಯಾಪಾರ ಮಾಡಿ ಮೇಲೆ ಬಂದವನು, ರಾಕ್ ಸೇ ಹಳ್ಳಿಯಲ್ಲಿ ಅಪ್ಪನ ಸಮಾಧಿಯ ಪಕ್ಕದಲ್ಲೇ ಅಮ್ಮನಿಗೂ ಹಾಸುಗಲ್ಲಿನ ಸಮಾಧಿ ಕಟ್ಟಿಸಿದ್ದ. ಎದುರಿಗಿದ್ದ ಸೇತುವೆ ದಾಟಿದರೆ ಅದೇ ಹಳ್ಳಿ. ಅಲ್ಲಿ ಗುಂಡಿ ತೋಡಿ, ಬಾತುಕೋಳಿ ಗಂಜಿ ಕಾಯಿಸಿಕೊಂಡು ಊರಿಗೆ ಊರೇ ಕಾದಿತ್ತು. ಹೊತ್ತು ಮುಳುಗುವುದರೊಳಗೆ ಕುಂಭ ಮಣ್ಣು ಸೇರಬೇಕು. ಹೊತ್ತು ತಪ್ಪಿದರೆ ಮುಂದಿನ ವರ್ಷವೇ ಒಳ್ಳೆಯ ದಿನ ಎಂದು ಜ್ಯೋತಿಷಿ ಹೇಳಿದ್ದ.

ಥುವನ್ ಯೋಚಿಸಿದ್ದು ತನ್ನ ಹೊಟ್ಟೆಪಾಡನ್ನು. ಈ ನದಿ ನಾಡಿನಲ್ಲಿ ಮಾತು ಹಬ್ಬುವುದಕ್ಕೆ ತಡವಿಲ್ಲ. ಯಾರದೋ ತಾಯಿಯ ಬೂದಿ ಕದ್ದ ಡ್ರೈವರ್ ಅಂತ ಒಬ್ಬ ಹೇಳಿದರೆ ಸಾಕು, ಆಮೇಲೆ ಅವನ ಕಾರಿನಲ್ಲಿ ಯಾರು ಕೂರುತ್ತಾರೆ? ಹಳ್ಳಿ ಸುತ್ತಿಸಿ ತೋರಿಸುವುದು ಬಿಟ್ಟು ಬೇರೆ ಕಸುಬು ಅವನಿಗೆ ಬಾರದು. ನಿಂತಲ್ಲಿ ನಿಲ್ಲಲಾಗದೆ ಮೇಜಿನ ಸುತ್ತ ಎರಡು ಹೆಜ್ಜೆ ಹಾಕಿದ, ಮತ್ತೆ ಹಿಂದಕ್ಕೆ ಬಂದ.

"ಫೊಂಗ್, ಕೂತ್ಕೋ," ಅಂದರು ನ್ಯಾನ್ ಅತ್ತೆ. "ಪೊಲೀಸ್ ನಿನ್ನ ಮುಂದೇನೇ ಇದೀನಲ್ಲ. ಇನ್ಯಾರನ್ನ ಕರೀತೀಯ?"

ಮಕ್ಕಳಿಗೆ ಅವರು ಸೋದರತ್ತೆ, ಅಪ್ಪನ ತಂಗಿ. ಜಿಲ್ಲಾ ಪೊಲೀಸ್‌ನಲ್ಲಿ ಕಳ್ಳಕಾಕರನ್ನು ವಿಚಾರಿಸಿಯೇ ತಲೆ ನರೆಸಿಕೊಂಡು ನಿವೃತ್ತರಾದವರು. ಈಗ ಉಳಿದಿದ್ದದ್ದು ಕಲ್ಲಂಗಡಿ ಬೀಜ ಒಡೆದು ತಿನ್ನುವ ಚಟ ಮತ್ತು ಯಾರ ಮುಲಾಜಿಗೂ ಬಗ್ಗದ ನಾಲಿಗೆ. ಹಳ್ಳಿಯವರು ಕಳಿಸಿದ ಹೊಸ ರೇಷ್ಮೆ ವಸ್ತ್ರವನ್ನು ಚೀಲದಿಂದ ತೆಗೆದು, ಊರು ಸೇರುವ ಮುಂಚೆ ಹಳೆಯದನ್ನು ಬದಲಿಸೋಣ ಅಂದವರೂ ಅವರೇ. ಇಲ್ಲದಿದ್ದರೆ ಗಂಟು ಬಿಚ್ಚುತ್ತಲೇ ಇರಲಿಲ್ಲ.

"ಬಾರೋ ತಮ್ಮ," ಎಂದು ಥುವನ್‌ನನ್ನು ಎದುರಿಗೆ ಕೂರಿಸಿಕೊಂಡರು. "ಈ ಸುತ್ತಾಟ ಯಾರ ಯೋಚನೆ?"

"ಲುವಾ ಅಕ್ಕನದು, ಅತ್ತೆ. ಹೆದ್ದಾರಿ ಬೇಡ, ಸಣ್ಣ ದಾರೀಲೇ ಹೋಗೋಣ, ಅಮ್ಮನಿಗೆ ಕೊನೇ ಸಲ ಗದ್ದೆ ತೋಟ ಎಲ್ಲಾ ತೋರಿಸ್ಕೊಂಡು ಹೋಗೋಣ ಅಂದ್ರು."

ಅದು ನಿಜ. ನಡುವಿನ ಮಗಳು ಲುವಾ, ಹೊಲಿಗೆ ಅಂಗಡಿ ನಡೆಸುವವಳು, ಕುಂಭವನ್ನು ಮಧ್ಯದ ಸೀಟಿನಲ್ಲಿ ಕೂರಿಸಿ ತಾನೇ ಬೆಲ್ಟ್ ಹಾಕಿದ್ದಳು. ಹಣ್ಣಿನ ಸಂತೆ, ಕೊಯ್ಲಾದ ಗದ್ದೆಗೆ ಬಿಟ್ಟ ಬಾತುಗಳ ಹಿಂಡು, ಕಾಲುವೆ ಪಕ್ಕದ ಇಟ್ಟಿಗೆ ಗೂಡುಗಳು... ಒಂದೊಂದು ಕಡೆಯೂ ಕಾರು ನಿಲ್ಲಿಸಿ, "ನೋಡಮ್ಮ" ಅನ್ನುತ್ತಿದ್ದಳು. ಸೇತುವೆ ಬಂದಾಗಲೆಲ್ಲ ಸತ್ತವಳ ದಾರಿಖರ್ಚಿಗೆಂದು ಕಿಟಕಿಯಿಂದ ಕಾಗದದ ಕಾಸು ಎಸೆದು, "ಸೇತುವೆ ಬಂತಮ್ಮ, ಜೊತೆಗೆ ಬಾ" ಎಂದು ಕೂಗುತ್ತಿದ್ದಳು. ಕೂಗದಿದ್ದರೆ ಸತ್ತವರ ಜೀವ ನೀರಿನ ಹಿಂದಿನ ದಡದಲ್ಲೇ ನಿಂತುಬಿಡುತ್ತದಲ್ಲ. ಆದರೆ ಈ ಸೀಮೆಯಲ್ಲಿ ಸೇತುವೆಗಳಿಗೆ ಕೊನೆಯೆಲ್ಲಿ? ಉಗುಳು ನುಂಗುವಷ್ಟರಲ್ಲಿ ಇನ್ನೊಂದು. ಕಿರಿಯವನಾದ ಕಿಯೆಮ್ ಅಕ್ಕನ ಜೊತೆ ದನಿಗೂಡಿಸುತ್ತಿದ್ದ. ಥುವನ್ ಕೂಡ ಕೂಗುತ್ತಿದ್ದ. ಫೊಂಗ್ ಮಾತ್ರ ಫೋನ್‌ನಿಂದ ತಲೆ ಎತ್ತದೆ, "ಅಮ್ಮ ಈ ನೀರಲ್ಲೇ ಹುಟ್ಟಿ ಬೆಳೆದೋಳು. ಅವಳಿಗೆ ದಾರಿ ಗೊತ್ತಿಲ್ವಾ?" ಎಂದು ಅಣಕಿಸಿದ್ದ.

"ಕಾರು ಬಿಟ್ಟು ಎಲ್ಲರೂ ದೂರ ಹೋಗಿದ್ದು ಎಲ್ಲಿ?" ಅತ್ತೆ ಕೇಳಿದರು.

"ಒಂದೇ ಕಡೆ. ಭಿಕ್ಷುಣಿಯರ ಮಠದಲ್ಲಿ ಊಟಕ್ಕೆ ನಿಂತ್ವಲ್ಲ, ಅಲ್ಲಿ. ಬೇರೆ ಕಡೆಯೆಲ್ಲ ಯಾರಾದ್ರೂ ಕಾರಲ್ಲೇ ಇದ್ರು."

"ಆಗ ಕೀ ಯಾರ ಹತ್ರ ಇತ್ತು?"

ಥುವನ್ ತಲೆ ತಗ್ಗಿಸಿದ. "ಮಾವಿನ ಮರದ ಕೆಳಗೆ ನಂಗೆ ಜೊಂಪು ಹತ್ತಿತ್ತು ಅತ್ತೆ. ಶರ್ಟು ಕೊಂಬೆಗೆ ಹಾಕಿದ್ದೆ, ಕೀ ಅದರ ಜೇಬಲ್ಲಿತ್ತು. ಯಾರ್ಯಾರೋ ಬಂದು ತಗೊಂಡ್ರು, ವಾಪಸ್ ಇಟ್ರು."

"ನೋಡಿದ್ರಾ?" ಫೊಂಗ್ ಎದ್ದು ನಿಂತ. "ತಾನೇ ಕದ್ದು ಈಗ ನಮ್ಮ ಮೇಲೆ ಹಾಕ್ತಿದಾನೆ."

"ನೀನು ಕೀ ತಗೊಂಡಿದ್ಯಾ ಇಲ್ವಾ?"

"ಫೋನ್ ಚಾರ್ಜಿಗೆ ಹಾಕೋಕೆ ತಗೊಂಡೆ. ಅದಕ್ಕೇನೀಗ?"

"ಏನೂ ಇಲ್ಲ, ಕೂತ್ಕೋ. ಕಿಯೆಮ್, ನೀನು?"

ಕಿಯೆಮ್‌ನ ಕಣ್ಣು ಬೆಳಗಿನಿಂದಲೇ ಕೆಂಪಗಿತ್ತು. "ಸಿಗರೇಟ್ ಮರೆತಿದ್ದೆ, ಅತ್ತೆ."

"ಸಿಗರೇಟ್ ತರೋಕೆ ಹೋದೋನು ಊಟ ಮುಗಿಯೋವರೆಗೆ ಬರ್ಲೇ ಇಲ್ವಲ್ಲೋ."

ಫೊಂಗ್‌ನ ಕೋಪ ಈಗ ಡ್ರೈವರನ್ನು ಬಿಟ್ಟು ತಮ್ಮನ ಮೇಲೆ ತಿರುಗಿತು.

"ಇವನೇ. ಅಮ್ಮನ್ನ ಸೈಗಾನ್ ಬಿಟ್ಟು ಕಳಿಸಲ್ಲ ಅಂತ ಹಟ ಹಿಡಿದಿದ್ದೋನು ಇವನೊಬ್ಬನೇ. ಎಲ್ಲಿಟ್ಟೆ, ಹೇಳೋ."

"ನಾನು ಅಮ್ಮನ ಪಕ್ಕ ಕೂತು ಅಳ್ತಿದ್ದೆ ಅಣ್ಣ, ಅಷ್ಟೇ," ಅಂದ ಕಿಯೆಮ್. "ಸೈಗಾನ್‌ನಲ್ಲಿ ಅಮ್ಮನ ಕುಂಭ ಇಟ್ಟಲ್ಲಿಗೆ ಹುಣ್ಣಿಮೆ ಹುಣ್ಣಿಮೆಗೂ ಹೋಗಿ ಒಂದು ಊದುಬತ್ತಿ ಹಚ್ತಿದ್ದೆ. ಇನ್ಮೇಲೆ ಎಲ್ಲಿಗೆ ಹೋಗ್ಲಿ? ನಂಗೆ ಅಮ್ಮ ಬೇಕಿತ್ತು, ನಿಜ. ಆದ್ರೆ ಕದಿಯೋಷ್ಟು ಧೈರ್ಯ ಇದ್ದಿದ್ರೆ ನಾನ್ಯಾಕೆ ಇಷ್ಟು ವರ್ಷ ನಿನ್ನ ಬೈಗುಳ ಕೇಳ್ಕೊಂಡು ಇರ್ತಿದ್ದೆ?"

ನೆರಳು ಉದ್ದವಾಗುತ್ತಿತ್ತು. ಫೊಂಗ್‌ನ ಫೋನ್ ಮತ್ತೆ ಬಡಿದುಕೊಂಡಿತು. ಹಳ್ಳಿಯಿಂದ ಚಿಕ್ಕಪ್ಪ. "ಬಂದ್ವಿ, ಬಂದ್ವಿ, ಇಲ್ಲೇ ಇದೀವಿ" ಎಂದು ಅವನು ಸುಳ್ಳು ಹೇಳಿದ. ಥುವನ್ ಮತ್ತೆ ಎದ್ದು ಕಾರಿನವರೆಗೆ ಹೋದ. ಮಧ್ಯದ ಸೀಟಿನ ಕೆಳಗೆ, ಡಿಕ್ಕಿಯ ಮೂಲೆ ಮೂಲೆ ಹುಡುಕಿ ಬರಿಗೈಯಲ್ಲಿ ವಾಪಸು ಬಂದ.

ಅತ್ತೆ ಮಾತ್ರ ಬೀಜ ಒಡೆಯುತ್ತಲೇ ಇದ್ದರು.

"ತಮ್ಮ, ಮಠ ಬಿಟ್ಟ ಮೇಲೆ ನಾನು ಮುಂದಿನ ಸೀಟಲ್ಲಿ ನಿದ್ದೆ ಹೋದೆ. ಆಮೇಲೆ ಏನಾಯ್ತು?"

"ಏನೂ ಆಗ್ಲಿಲ್ಲ. ಎಲ್ಲರೂ ಸುಮ್ಮನಿದ್ರು."

"ಬೆಳಿಗ್ಗೆಯಿಂದ ಕಿವಿ ತೂತಾಗೋ ಹಾಗೆ ಕೂಗಿದೋರು ಸುಮ್ಮನಿದ್ರಾ?"

"ಲುವಾ ಅಕ್ಕಂಗೆ ತಲೆನೋವೇನೋ. ದೊಡ್ಡ ಸೇತುವೆ ಬಂದಾಗ ಅವರು ಕೂಗ್ಲಿಲ್ಲ ಅಂತ ನಾನೇ ಅಮ್ಮನ್ನ ಕರೆದೆ. 'ನೀನು ಸುಮ್ನೆ ಗಾಡಿ ಓಡಿಸಪ್ಪ' ಅಂತ ರೇಗಿದ್ರು." ಬೆಳಿಗ್ಗೆಯೆಲ್ಲ ಹಣ್ಣು ಸುಲಿದು ಕೈಗೆ ಕೊಟ್ಟವಳು ಹಾಗೆ ರೇಗಿದ್ದು ಥುವನ್‌ಗೆ ಆಗಲೇ ಮನಸ್ಸಿಗೆ ಚುಚ್ಚಿತ್ತು.

ಅತ್ತೆಯ ಹಲ್ಲಿನ ನಡುವೆ ಬೀಜ ಹಾಗೆಯೇ ನಿಂತಿತು. "ಕಿಯೆಮ್, ನೀನು ಕೂಗಿದ್ಯಾ?"

"ಮರದ ಸೇತುವೆ ಹತ್ರ ಬಾಯಿ ತೆಗೆದೆ. ಅಕ್ಕ ನನ್ನ ಬಾಯಿ ಮುಚ್ಚಿದ್ಳು. ಅತ್ತೆ ಮಲಗಿದಾರೆ ಅಂತ."

"ಬೆಳಿಗ್ಗೇನೂ ಮಲಗಿದ್ನಲ್ಲೋ. ಆಗ ನನ್ನ ತಲೆ ಮೇಲೇನೇ ಕೂಗಿದ್ಳು."

ಎಲ್ಲರ ಕಣ್ಣೂ ಜೋಲಿಯೊಂದರ ಅಂಚಿನಲ್ಲಿ ಕೂತಿದ್ದ ಲುವಾಳ ಕಡೆ ಹೋಯಿತು. ಗಂಟು ಬಿಚ್ಚಿದಾಗಿನಿಂದ ಅವಳು ಒಂದು ಮಾತೂ ಆಡಿರಲಿಲ್ಲ ಅನ್ನುವುದು ಥುವನ್‌ಗೆ ಹೊಳೆದದ್ದೇ ಈಗ.

"ಲುವಾ," ಅಂದರು ಅತ್ತೆ, ದನಿ ತಗ್ಗಿಸಿ. "ಅಮ್ಮನಿಗೆ ಎಲ್ಲಿರು ಅಂತ ಹೇಳಿ ಬಂದೆ?"

ಲುವಾ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡಳು. "ಮಠದಲ್ಲೇ. ಕಿಯೆಮ್ ಕಾರಿಂದ ವಾಪಸ್ ಬಂದ್ಮೇಲೆ ನಾನೂ ಕೀ ತಗೊಂಡು ಹೋಗಿ, ದೊಡ್ಡ ಭಿಕ್ಷುಣಿ ಅಮ್ಮನವರ ಕೈಗೇ ಕೊಟ್ಟೆ."

"ನೀನಾ?" ಫೊಂಗ್ ಜೇಬಿನಲ್ಲಿದ್ದ ಕೀ ಹಿಡಿದುಕೊಂಡೇ ಕೂತುಬಿಟ್ಟ. "ಅಮ್ಮ ಅಮ್ಮ ಅಂತ ದಾರಿಯುದ್ದಕ್ಕೂ ಬಡ್ಕೊಂಡೋಳು ನೀನೇ ಅಲ್ವೇನೇ?"

"ಅದರಿಂದಲೇ ಗೊತ್ತಾಗಿದ್ದು ಕಣೋ," ಅಂದರು ಅತ್ತೆ. "ನೋಡು, ಭರಣಿ ಈ ಹುಡುಗಂದು. ಎಲ್ಲರ ಕಣ್ಣೂ ಭರಣಿ ಮೇಲೇ ಹೋಯ್ತು. ಆದ್ರೆ ಮಠ ಬಿಟ್ಟ ಮೇಲೆ ಇವನು ಸೇತುವೆ ಮೇಲೆ ಕೂಗಿದಾನೆ. ಅಮ್ಮ ಕಾರಲ್ಲಿದಾರೆ ಅಂತ ನಂಬಿರೋನು ಮಾತ್ರ ಕೂಗ್ತಾನೆ. ಕಿಯೆಮ್ ಕೂಗೋಕೆ ಹೋಗಿದಾನೆ, ಅವನೂ ಅಲ್ಲ. ನೀನು ಬೆಳಿಗ್ಗೇನೂ ಕೂಗಿಲ್ಲ, ಮಧ್ಯಾಹ್ನಾನೂ ಕೂಗಿಲ್ಲ, ಅದರಿಂದ ಏನೂ ತಿಳಿಯಲ್ಲ. ಆದ್ರೆ ಊರಿಗೆಲ್ಲ ಊಟ ಹಾಕಿಸಿ ಆ ಗುಂಡೀನ ಖಾಲಿ ಬಿಡೋಕೆ ನೀನೇನು ಹುಚ್ಚನಾ? ಮಠದ ಮುಂಚೆ ಒಂದು ಥರ, ಮಠದ ಆಮೇಲೆ ಇನ್ನೊಂದು ಥರ ಆಗಿದ್ದು ಇವಳೊಬ್ಬಳೇ."

"ಸುಮ್ನೆ ಕೂಗಿಬಿಡಬಹುದಿತ್ತಲ್ಲ ಅಕ್ಕ," ಅಂದ ಕಿಯೆಮ್. "ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ಹೇಗೆ ಕೂಗ್ಲಿ?" ಲುವಾಳ ದನಿ ಒಡೆಯಿತು. "ಇಲ್ಲೇ ಇರಮ್ಮ, ಇನ್ನು ಯಾರೂ ನಿನ್ನ ಎಬ್ಬಿಸಲ್ಲ ಅಂತ ಹೇಳಿ ಬಂದಿದೀನಿ. ನಾವು ಕರೆದ್ರೆ ಎದ್ದು ಬಂದುಬಿಡ್ತಿದ್ಳು. ಖಾಲಿ ಭರಣಿ ಹಿಂದೆ ದಾರಿಯುದ್ದಕ್ಕೂ ನಡ್ಕೊಂಡು ಬರ್ತಿದ್ಳು."

ಫೊಂಗ್ ಗಟ್ಟಿಯಾಗಿ ಉಸಿರು ಬಿಟ್ಟ. "ಯಾಕೆ ಮಾಡ್ದೆ?"

"ಅಪ್ಪ ಆ ಇನ್ನೊಬ್ಬಳನ್ನ ಮನೆಗೆ ತಂದು, ಅಮ್ಮನಿಗೆ ಹೊಡೆದು ಓಡಿಸಿದಾಗ ಆ ಮಠದೋರೇ ಅಲ್ವಾ ನಮ್ಮನ್ನ ಇಟ್ಕೊಂಡಿದ್ದು? ನೀನು ಊರಲ್ಲಿ ಅಪ್ಪನ ಹತ್ರ ಬೆಳೆದೆ, ನಿಂಗೆ ಗೊತ್ತಿಲ್ಲ. ಕಿಯೆಮ್ ಅಲ್ಲೇ ಹುಟ್ಟಿದ. ಆಸ್ಪತ್ರೇಲಿ ನನ್ನ ಕೈ ಹಿಡ್ಕೊಂಡು ಹೇಳಿದ್ಳು: ಅವನ ಪಕ್ಕ ನನ್ನ ಮಲಗಿಸಬೇಡ ಮಗಳೇ. ಬದುಕಿದ್ದಾಗ ಓಡಿ ಬಂದೆ, ಸತ್ತ ಮೇಲೆ ಓಡೋಕೆ ಕಾಲಿರಲ್ಲ ಅಂತ."

"ನಂಗೆ ಹೇಳೋಕೇನಾಗಿತ್ತು?"

"ಎಷ್ಟು ಸಲ ಬಾಯಿ ತೆಗೆದಿಲ್ಲ ನಾನು? ಹಾಸುಗಲ್ಲು ಬಂತು, ಊರೋರಿಗೆ ಹೇಳಾಯ್ತು, ಮನೆತನದ ಮರ್ಯಾದೆ... ಇಷ್ಟೇ ನಿನ್ನ ಮಾತು."

ಥುವನ್‌ಗೆ ಈಗ ಸಿಟ್ಟು ಬಂತು. ಬಿಡುಗಡೆಯಾಯಿತು ಅನ್ನುವ ಸಮಾಧಾನದ ಬೆನ್ನಿಗೇ ಬಂದ ಸಿಟ್ಟು, ತಡೆಯಲಾಗಲಿಲ್ಲ. "ಅದಕ್ಕೆ ನನ್ನ ತಲೆಗೆ ಕಟ್ಟೋದಾ ಅಕ್ಕ? ನಾನೇನು ಮಾಡಿದ್ದೆ ನಿಮಗೆ?"

"ಕೈಗೆ ಸಿಕ್ಕಿದ್ದು ನಿನ್ನ ಭರಣಿ, ತಮ್ಮ. ಗಂಟು ಹಾಗೇ ಗುಂಡಿಗೆ ಹೋಗುತ್ತೆ, ಆಮೇಲೆ ನಿಂಗೆ ಇನ್ನೊಂದು ಕೊಡಿಸಿದ್ರಾಯ್ತು ಅಂದ್ಕೊಂಡೆ. ಅತ್ತೆ ಹೊಸ ವಸ್ತ್ರ ತಂದಿದಾರೆ ಅಂತ ನಂಗೇನು ಗೊತ್ತು? ಅಣ್ಣ ಕೀ ಕಿತ್ಕೊಂಡಾಗ್ಲೇ ಹೇಳಬೇಕಿತ್ತು. ನಾಲಿಗೆ ಏಳ್ಲಿಲ್ಲ. ತಪ್ಪಾಯ್ತು."

"ನನ್ನ ಹೆಂಡ್ತಿ ಭರಣಿಗೆ ಸಮಾಧಿ ಕಟ್ತಿದ್ರಲ್ಲ ನೀವು," ಅಂದ ಥುವನ್. ಸಿಟ್ಟಿನಲ್ಲೇ ಅಂದದ್ದು. ಆದರೆ ಕಿಯೆಮ್ ಅಳುತ್ತಿದ್ದವನು ಫಕ್ಕನೆ ನಕ್ಕ, ಥುವನ್‌ಗೂ ಮುಂದಿನ ಮಾತು ಮರೆತುಹೋಯಿತು.

ಫೊಂಗ್ ನಗಲಿಲ್ಲ. "ಇನ್ನೂ ಬೆಳಕಿದೆ. ಕಾರು ತಿರುಗಿಸು. ಹೋಗಿ ಅಮ್ಮನ್ನ ಕರ್ಕೊಂಡು ಬರೋಣ."

"ಹೋಗೋಣ," ಅಂದರು ಅತ್ತೆ. "ಬರ್ತಾ ಮತ್ತೆ ಅಷ್ಟೂ ಸೇತುವೆ ದಾಟಬೇಕಲ್ಲ. ಕೂಗೋರು ಯಾರು? ಇವಳು ಕೂಗಲ್ಲ. ಕಿಯೆಮ್?"

ಕಿಯೆಮ್ ತಲೆಯಾಡಿಸಿದ, ಇಲ್ಲವೆಂದು.

"ನಾನೂ ಕೂಗಲ್ಲ. ಅಲ್ಲಿ ಮಲಗಿರೋನು ನನ್ನ ಒಡಹುಟ್ಟಿದೋನು, ಅವನು ಎಂಥೋನು ಅಂತ ನಂಗೆ ಗೊತ್ತು. ಇನ್ನು ಉಳಿದಿರೋನು ನೀನು, ಹಿರೀ ಮಗ. ಇಗೋ, ಎದುರಿಗೇ ಸೇತುವೆ ಇದೆ. ಅಷ್ಟು ದೂರ ಹೋಗೋ ಮುಂಚೆ ಇಲ್ಲೇ ಒಂದ್ಸಲ ಕೂಗಿ ನೋಡು. ಅಮ್ಮ, ಸೇತುವೆ ಬಂತು, ಅಪ್ಪನ ಹತ್ರ ಹೋಗೋಣ ಬಾ ಅಂತ."

ಫೊಂಗ್ ಧಡಕ್ಕನೆ ಎದ್ದು ಹೋದ. ಸೇತುವೆಯ ನಡುಮಧ್ಯ ನಿಂತು ಕಂಬಿ ಹಿಡಿದುಕೊಂಡ. ತೆಂಗಿನಕಾಯಿ ತುಂಬಿದ ದೋಣಿಯೊಂದು ಕೆಳಗೆ ಹಾದುಹೋಯಿತು. ದೋಣಿಯಲ್ಲಿದ್ದ ಹೆಂಗಸು ತಲೆ ಎತ್ತಿ ಅವನನ್ನು ನೋಡಿದಳು. ಅವನು ಬಾಯಿ ತೆರೆದದ್ದು ಥುವನ್‌ಗೆ ಇಲ್ಲಿಂದಲೇ ಕಂಡಿತು. ದನಿ ಕೇಳುತ್ತದೇನೋ ಎಂದು ಟೀ ಅಂಗಡಿಯಲ್ಲಿ ಎಲ್ಲರೂ ಕಿವಿಗೊಟ್ಟರು. ಏನೂ ಕೇಳಲಿಲ್ಲ. ಅವನು ಇನ್ನೊಂದು ಸಲ ಪ್ರಯತ್ನಿಸಿದ. ಆಮೇಲೆ ಕಂಬಿಯ ಮೇಲೆ ಮೊಣಕೈ ಊರಿ ಬಹಳ ಹೊತ್ತು ನೀರು ನೋಡುತ್ತ ನಿಂತ.

ವಾಪಸು ಬಂದಾಗ ಅವನ ಮುಖ ನೋಡಲು ಥುವನ್‌ಗೆ ಮನಸ್ಸಾಗಲಿಲ್ಲ. ಫೊಂಗ್ ಕಾರಿನ ಕೀಯನ್ನು ಎರಡೂ ಕೈಯಲ್ಲಿ ಹಿಡಿದು, ಹಿರಿಯರಿಗೆ ಕೊಡುವ ಹಾಗೆ, ಅವನ ಮುಂದೆ ಚಾಚಿದ.

"ತಗೋ ತಮ್ಮ. ಸುಮ್ಮಸುಮ್ಮನೆ ಕಳ್ಳ ಅಂದುಬಿಟ್ಟೆ."

ಥುವನ್ ಎರಡೂ ಕೈಯಲ್ಲಿ ತೆಗೆದುಕೊಂಡ.

ಫೋನ್ ಮತ್ತೆ ಬಡಿದುಕೊಳ್ಳುತ್ತಿತ್ತು. ಫೊಂಗ್ ಈ ಸಲ ಎಲ್ಲರ ಎದುರಿಗೇ ಎತ್ತಿದ.

"ಹ್ಞೂಂ ಚಿಕ್ಕಪ್ಪ. ಇಲ್ಲ, ಕಾಯಬೇಡಿ. ಆ ಗುಂಡಿ ಮುಚ್ಚಿಸಿಬಿಡಿ." ಸೇತುವೆಯ ಕಡೆ ತಿರುಗಿದ. "ಎಲ್ಲರಿಗೂ ಊಟ ಬಡಿಸೋಕೆ ಹೇಳಿ, ನಾವು ಬರ್ತಿದೀವಿ. ಅಮ್ಮ ಬರಲ್ಲವಂತೆ."